ದುಡ್ಡು ಕೊಡದೆ ಇಳಿದ ಹುಡುಗರು ನನಗೆ ಕಲಿಸಿದ್ದು

ನಾಲ್ಕು ಜನ ಹುಡುಗರು ಹತ್ತಿದ್ದರು. ರಾತ್ರಿ ಹನ್ನೊಂದು ದಾಟಿತ್ತು. ದಾರಿಯುದ್ದಕ್ಕೂ ನಗು, ಹಾಡು, ಕಿಟಕಿ ಇಳಿಸು, ಏರಿಸು. ಇಳಿಯುವ ಜಾಗ ಬಂತು. ಮೂವರು ಬಾಗಿಲು ತೆಗೆದು ಹೊರಟೇ ಬಿಟ್ಟರು. ಕೊನೆಯವನು ಮೀಟರ್ ನೋಡಿ, ‘ಇಷ್ಟಾ? ಸಂಜೆ ಆ್ಯಪ್‌ನಲ್ಲಿ ನೋಡಿದಾಗ ಇದರ ಅರ್ಧ ತೋರಿಸಿತ್ತು’ ಅಂದ.

ನಾನು ಟ್ಯಾಕ್ಸಿ ಹಿಡಿದು ಆಗಿನ್ನೂ ಒಂದು ವರ್ಷ ಆಗಿರಲಿಲ್ಲ. ಕೆಳಗಿಳಿದು ಅವನ ಬಾಗಿಲಿಗೆ ಅಡ್ಡ ನಿಂತೆ. ದನಿ ಏರಿಸಿದೆ. ಹೋಗಿದ್ದ ಮೂವರೂ ವಾಪಸ್ ಬಂದರು. ಒಬ್ಬ ಫೋನ್ ಎತ್ತಿ ವಿಡಿಯೊ ಮಾಡತೊಡಗಿದ. ಅಲ್ಲಿಗೆ ಬಾಡಿಗೆಯ ಮಾತು ಮುಗಿಯಿತು. ಯಾರು ಯಾರಿಗೆ ಏನಂದರು ಅನ್ನುವುದೇ ದೊಡ್ಡದಾಯಿತು. ಅರ್ಧ ಗಂಟೆ ಕೂಗಾಡಿ, ಬಿಡಿಗಾಸೂ ಸಿಗದೆ, ಗಂಟಲು ನೋಯಿಸಿಕೊಂಡು ಹೊರಟೆ. ಆ ಹೊತ್ತಿನಲ್ಲಿ ಸಿಗಬೇಕಿದ್ದ ಇನ್ನೊಂದು ಟ್ರಿಪ್ಪೂ ಹೋಯಿತು.

ಅದಾದ ಮೇಲೆ ಹನ್ನೆರಡು ವರ್ಷ ಓಡಿಸಿದ್ದೇನೆ. ಆ ರಾತ್ರಿಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಆ ಹುಡುಗನ ಹತ್ತಿರ ದುಡ್ಡು ಇತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಅವನ ಗೆಳೆಯರು ಬಂದು ಸುತ್ತ ನಿಂತ ಮೇಲೆ, ಇದ್ದರೂ ಕೊಡುವ ಹಾಗಿರಲಿಲ್ಲ. ಕೊಟ್ಟರೆ ಸೋತಂತೆ. ನನ್ನದೂ ಅದೇ ಕಥೆ. ಹತ್ತು ಜನರ ಮುಂದೆ ಕೂಗಿದ ಮೇಲೆ ‘ಸರಿ ಬಿಡಪ್ಪ’ ಅನ್ನಲು ಬಾಯಿ ಬರಲಿಲ್ಲ. ಇಬ್ಬರೂ ಮರ್ಯಾದೆಗೆ ಜಗಳ ಆಡಿದೆವು, ಬಾಡಿಗೆ ನೆಪ.

ನನಗಿಂತ ಹಿರಿಯ ಡ್ರೈವರ್ ಒಬ್ಬರಿಗೆ ಇದನ್ನು ಹೇಳಿದೆ. ‘ಇಳಿಯುವಾಗ ದುಡ್ಡಿನ ಮಾತು ಎತ್ತಿದ್ದೇ ನಿನ್ನ ತಪ್ಪು. ಹತ್ತುವಾಗಲೇ ಎತ್ತಬೇಕು’ ಅಂದರು. ನಾನು ಮೊದಲು ಬದಲಿಸಿಕೊಂಡದ್ದು ಅದನ್ನೇ. ಗಾಡಿ ಹೊರಡುವ ಮೊದಲು ಈಗ ಮೂರು ಮಾತು ಕೇಳುತ್ತೇನೆ. ಎಲ್ಲಿಗೆ, ದುಡ್ಡು ಕೊಡುವವರು ಯಾರು, ಹೇಗೆ ಕೊಡುತ್ತೀರಿ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದು ಯಾರೂ ಕೇಳುವುದಿಲ್ಲ. ಗುಂಪಿನಲ್ಲಿ ಬಂದ ಹುಡುಗರಿಗೆ ಅದೇ ಮುಖ್ಯ. ನಾನು ನಗುತ್ತಾ, ‘ಇವತ್ತಿನ ಸಾಹುಕಾರ ಯಾರಪ್ಪಾ?’ ಅಂತ ಕೇಳುತ್ತೇನೆ. ಒಬ್ಬ ಕೈ ಎತ್ತುತ್ತಾನೆ, ಇಲ್ಲವೇ ಉಳಿದವರು ಒಬ್ಬನ ಕೈ ಎತ್ತಿಸುತ್ತಾರೆ. ಅವನನ್ನು ಮುಂದಿನ ಸೀಟಿಗೆ ಕರೆಯುತ್ತೇನೆ. ಮುಂದೆ ಕೂತವನಿಗೆ ಮೀಟರ್ ಕಾಣುತ್ತಿರುತ್ತದೆ. ಹಿಂದಿನವರು ಹರಟೆ ಹೊಡೆಯುವಾಗ ಅವನು ಅಂಕಿ ಏರುವುದನ್ನು ನೋಡುತ್ತಿರುತ್ತಾನೆ. ಇಳಿಯುವಾಗ ಅವನಿಗೆ ಅದು ಹೊಸದಲ್ಲ.

ಮೀಟರ್ ಹೇಗೆ ಏರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ್ಯಪ್ ಬಂದ ಮೇಲೆ ಬೆಳೆದ ಹುಡುಗರಿಗಂತೂ ಇಲ್ಲವೇ ಇಲ್ಲ. ಅವರಿಗೆ ಬಾಡಿಗೆ ಎಂದರೆ ಮೊದಲೇ ಪರದೆ ಮೇಲೆ ಬರುವ ಒಂದು ಅಂಕಿ. ಮೀಟರ್ ಹಾಗಲ್ಲ, ಎರಡು ಲೆಕ್ಕ ಇಡುತ್ತದೆ. ಗಾಡಿ ಒಂದು ಮಟ್ಟಕ್ಕಿಂತ ಜೋರಾಗಿ ಹೋಗುತ್ತಿದ್ದರೆ ದೂರದ ಲೆಕ್ಕ. ವೇಗ ಅದಕ್ಕಿಂತ ಕೆಳಗಿಳಿದರೆ ಅಥವಾ ಗಾಡಿ ನಿಂತರೆ ಹೊತ್ತಿನ ಲೆಕ್ಕ. ಸಿಗ್ನಲ್‌ನಲ್ಲಿ ನಿಂತಾಗ ‘ನೋಡು, ಈಗ ನಿಂತಿದ್ದೇವೆ, ಆದರೂ ಅಂಕಿ ಬದಲಾಗುತ್ತದೆ’ ಅಂತ ತೋರಿಸುತ್ತೇನೆ. ತೋರಿಸಿದರೆ ‘ಓ, ಹೌದಾ’ ಅನ್ನುತ್ತಾರೆ. ತೋರಿಸದೆ ಕೊನೆಗೆ ಹೇಳಿದರೆ ಮೋಸ ಅನ್ನುತ್ತಾರೆ. ಎರಡೂ ಅದೇ ಅಂಕಿ!

ಈ ಮೀಟರನ್ನು 1891ರಲ್ಲಿ ಜರ್ಮನಿಯ ಬ್ರೂನ್ ಅನ್ನುವವರು ಮಾಡಿದ್ದು. ಟ್ಯಾಕ್ಸಿ ಅನ್ನುವ ಹೆಸರೇ ಅದರಿಂದ ಬಂದದ್ದು. 1897ರಲ್ಲಿ ಡೈಮ್ಲರ್ ಕಂಪನಿ ಮೀಟರ್ ಕೂರಿಸಿದ ಮೋಟಾರು ಗಾಡಿ ಮಾಡಿತು. ಬಾಯಿಮಾತಿನ ಬದಲು ಯಂತ್ರವೇ ಲೆಕ್ಕ ಹೇಳಲಿ ಅಂತ ಬಂದ ಸಾಮಾನು ಅದು. ಈಗ ಜನ ಯಂತ್ರದ ಮೇಲೆಯೇ ಜಗಳ ಆಡುತ್ತಾರೆ, ಅಲ್ವಾ?

ಅವರು ಸುಮ್ನೆ ಜಗಳ ತೆಗೆಯುತ್ತಾರೆ ಅಂತಲೂ ಹೇಳಲಾರೆ. ಒಮ್ಮೆ ಇಂಜಿನಿಯರಿಂಗ್ ಓದುವ ಹುಡುಗ ಇಳಿದ ಮೇಲೆ ಬಗ್ಗಿ ನನ್ನ ಟೈರ್ ನೋಡಿದ. ‘ಅಣ್ಣ, ಟೈರ್ ಪೂರ್ತಿ ಸವೆದಿದೆ. ನಿಮ್ಮ ಮೀಟರ್ ಜಾಸ್ತಿ ತೋರಿಸುತ್ತೆ’ ಅಂದ. ದುಡ್ಡು ತಪ್ಪಿಸಲು ಕಟ್ಟಿದ ಕಥೆ ಅಂದುಕೊಂಡೆ. ಮಾರನೆ ದಿನ ಮೆಕ್ಯಾನಿಕ್‌ನನ್ನು ಕೇಳಿದರೆ, ಹುಡುಗ ಹೇಳಿದ್ದು ಸರಿ. ಮೀಟರ್ ಎಣಿಸುವುದು ಚಕ್ರದ ಸುತ್ತು. ಟೈರ್ ಸವೆದರೆ ಚಕ್ರ ಚೂರು ಚಿಕ್ಕದಾಗುತ್ತದೆ, ಅಷ್ಟೇ ದೂರಕ್ಕೆ ಜಾಸ್ತಿ ಸುತ್ತುತ್ತದೆ. ವ್ಯತ್ಯಾಸ ದೊಡ್ಡದಲ್ಲ, ನೂರಕ್ಕೆ ಒಂದೆರಡು. ಆದರೂ ಅವನು ಸರಿ, ನಾನು ತಪ್ಪು. ಆ ವಾರವೇ ಟೈರ್ ಬದಲಿಸಿದೆ.

ಇನ್ನೊಂದು ಸಲ ಮಾತಾಡುತ್ತಾ ತಿರುವು ತಪ್ಪಿಸಿಕೊಂಡೆ. ಸುತ್ತು ದಾರಿ ಆಯಿತು. ಹಿಂದೆ ಕೂತಿದ್ದ ಹುಡುಗಿ ಏನೂ ಹೇಳಲಿಲ್ಲ. ಇಳಿಯುವಾಗ ಫೋನಿನ ನಕ್ಷೆ ತೋರಿಸಿ, ‘ಇಲ್ಲಿಂದ ಇಲ್ಲಿವರೆಗಿನದು ನಾನು ಕೊಡಲ್ಲ’ ಅಂದಳು. ಮೈ ಉರಿಯಿತು. ಒಂದು ನಿಮಿಷ ಸುಮ್ಮನಿದ್ದು ಯೋಚಿಸಿದೆ. ತಿರುವು ತಪ್ಪಿಸಿದ್ದು ನಾನೇ. ಅಷ್ಟನ್ನು ಕಳೆದು ತೆಗೆದುಕೊಂಡೆ. ನಮ್ಮವರಲ್ಲೂ ‘ಚಿಲ್ಲರೆ ಇಲ್ಲ’ ಅಂತ ಮಿಕ್ಕಿದ್ದನ್ನು ನುಂಗುವವರು ಇದ್ದಾರೆ. ಒಬ್ಬ ಹಾಗೆ ಮಾಡಿದರೆ, ಆ ಹುಡುಗ ಮುಂದೆ ಹತ್ತುವ ಹತ್ತು ಗಾಡಿಯಲ್ಲೂ ಅನುಮಾನದಿಂದಲೇ ಕೂರುತ್ತಾನೆ. ಬೆಳಿಗ್ಗೆ ಚಿಲ್ಲರೆ ಡಬ್ಬಿ ತುಂಬಿಸದೆ ನಾನು ಗಾಡಿ ತೆಗೆಯುವುದಿಲ್ಲ.

ಆ್ಯಪ್ ಟ್ರಿಪ್‌ಗಳ ಜಗಳ ಬೇರೆ ಥರ. ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ದರ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ಬುಕ್ ಮಾಡಿದವನು ಒಬ್ಬ, ಹತ್ತಿದವನು ಇನ್ನೊಬ್ಬ. ಬುಕ್ ಮಾಡಿದವನಿಗೆ ದರ ಗೊತ್ತು, ಹತ್ತಿದವನಿಗೆ ಗೊತ್ತಿಲ್ಲ. ಹುಡುಗರು ದಾರಿಯಲ್ಲಿ ‘ಇಲ್ಲೊಬ್ಬನನ್ನು ಹತ್ತಿಸಿಕೊಳ್ಳಿ, ಅಲ್ಲೊಬ್ಬನನ್ನು ಇಳಿಸಿ’ ಅನ್ನುತ್ತಾರೆ. ಮೊದಲು ತೋರಿಸಿದ ಅಂಕಿ ಅಂದಾಜು ಮಾತ್ರ. ದಾರಿ ಬದಲಾದರೆ ಅದೂ ಬದಲಾಗಬಹುದು. ಅದಕ್ಕೇ ಸ್ಟಾಪ್ ಸೇರಿಸುವುದಿದ್ದರೆ ಆ್ಯಪ್‌ನಲ್ಲೇ ಸೇರಿಸಿ ಅನ್ನುತ್ತೇನೆ. ಸೇರಿಸಿದ ಕೂಡಲೇ ಹೊಸ ದರ ಅವರ ಫೋನಿನಲ್ಲೇ ಬರುತ್ತದೆ. ನಾನು ಹೇಳುವುದಕ್ಕಿಂತ ಅವರ ಫೋನ್ ಹೇಳಿದರೆ ನಂಬುತ್ತಾರೆ.

ಇಳಿಯುವ ಜಾಗಕ್ಕೆ ಐದು ನಿಮಿಷ ಇರುವಾಗ, ‘ಫೋನ್ ತೆಗೆದು ರೆಡಿ ಇಟ್ಟುಕೊಳ್ಳಿ’ ಅನ್ನುತ್ತೇನೆ. ಚಾರ್ಜ್ ಇಲ್ಲ, ನೆಟ್‌ವರ್ಕ್ ಇಲ್ಲ, ಪಾಸ್‌ವರ್ಡ್ ಮರೆತೆ, ಈ ಮೂರೂ ಆಗಲೇ ಗೊತ್ತಾಗುತ್ತದೆ. ಚಾರ್ಜರ್ ವೈರ್ ಗಾಡಿಯಲ್ಲೇ ಇದೆ. ಎಷ್ಟೋ ಬಾಡಿಗೆ ಉಳಿಸಿಕೊಟ್ಟ ಸಾಮಾನು ಅದು. ನೆಲಮಾಳಿಗೆಯ ಪಾರ್ಕಿಂಗ್‌ಗೆ ಕೊಂಡೊಯ್ದು ನಿಲ್ಲಿಸುವುದಿಲ್ಲ, ಅಲ್ಲಿ ಸಿಗ್ನಲ್ ಬರುವುದಿಲ್ಲ. ಬೆಳಕಿರುವ ಕಡೆ ನಿಲ್ಲಿಸುತ್ತೇನೆ.

‘ಕೋಡ್ ಸ್ಕ್ಯಾನ್ ಆಗ್ತಿಲ್ಲ, ನಿಮ್ಮ ಕಾರ್ಡ್ ಗೀಚಿ ಹೋಗಿದೆ’ ಅನ್ನುವವರು ಇದ್ದಾರೆ. ಆ ಚೌಕದ ಕೋಡನ್ನು 1994ರಲ್ಲಿ ಜಪಾನಿನಲ್ಲಿ ಕಾರಿನ ಬಿಡಿಭಾಗ ಎಣಿಸಲು ಮಾಡಿದ್ದು. ಕಾರ್ಖಾನೆಯ ಎಣ್ಣೆ, ಕೊಳೆ ತಾಗಿದರೂ ಓದುವ ಹಾಗೆ ಕಟ್ಟಿದ್ದಾರೆ. ಚೂರು ಗೀಚಿದರೆ ಅದಕ್ಕೇನೂ ಆಗುವುದಿಲ್ಲ. ಹೆಚ್ಚಿನ ಸಲ ತೊಂದರೆ ಇರುವುದು ಒಳಗಿನ ದೀಪ ಪ್ಲಾಸ್ಟಿಕ್ ಮೇಲೆ ಹೊಳೆಯುವುದರಲ್ಲಿ, ಇಲ್ಲವೇ ಫೋನಿನ ಕ್ಯಾಮೆರಾಗೆ ಬೆರಳಿನ ಜಿಡ್ಡು ಹತ್ತಿರುವುದರಲ್ಲಿ. ಕಾರ್ಡನ್ನು ಓರೆ ಮಾಡಿ ಹಿಡಿಯುತ್ತೇನೆ, ಕ್ಯಾಮೆರಾ ಒರೆಸಲು ಬಟ್ಟೆ ಕೊಡುತ್ತೇನೆ. ಆಮೇಲೂ ಆಗದಿದ್ದರೆ ಅದು ಕಾರ್ಡಿನ ತೊಂದರೆ ಅಲ್ಲ.

ದುಡ್ಡು ಹೋಗಿದೆ ಅಂತ ಪರದೆ ತೋರಿಸಿದರೆ ನಾನು ನಂಬುವುದಿಲ್ಲ. ಹಾಗೆ ಕಾಣುವ ಚಿತ್ರ ಮಾಡುವುದು ಈಗ ಕಷ್ಟವಲ್ಲ. ನನ್ನ ಫೋನಿಗೆ ಬಂದ ಮೇಲೆಯೇ ಬಂತು. ಆದರೆ ‘ಸುಳ್ಳು ಹೇಳ್ತೀಯಾ’ ಅಂತ ಯಾವತ್ತೂ ಅನ್ನುವುದಿಲ್ಲ. ‘ನನಗಿನ್ನೂ ಬಂದಿಲ್ಲ, ಇಬ್ಬರೂ ಎರಡು ನಿಮಿಷ ಕಾಯೋಣ’ ಅನ್ನುತ್ತೇನೆ. ಈ ಎರಡು ಮಾತಿಗೆ ಬಹಳ ವ್ಯತ್ಯಾಸ ಇದೆ. ಒಮ್ಮೆ ಪರೀಕ್ಷೆಗೆ ಹೊರಟ ಹುಡುಗಿಯ ಪೇಮೆಂಟ್ ನಡುವೆಯೇ ಸಿಕ್ಕಿಕೊಂಡಿತು. ಅವಳ ಖಾತೆಯಿಂದ ಕಡಿತವಾಗಿದೆ, ನನಗೆ ಬಂದಿಲ್ಲ. ಇದ್ದದ್ದೇ ಅಷ್ಟು, ಇನ್ನೊಮ್ಮೆ ಕೊಡಲು ಇಲ್ಲ. ಅಳತೊಡಗಿದಳು. ವ್ಯವಹಾರದ ನಂಬರ್ ಬರೆದುಕೊಂಡು ಕಳಿಸಿಬಿಟ್ಟೆ. ಇಂಥ ದುಡ್ಡು ಹೆಚ್ಚಾಗಿ ಒಂದೋ ನಮಗೆ ಬಂದು ಸೇರುತ್ತದೆ, ಇಲ್ಲವೇ ಅವರಿಗೆ ವಾಪಸ್ ಹೋಗುತ್ತದೆ. ಅವಳಿಗೆ ವಾಪಸ್ ಹೋಯಿತು. ಎರಡು ದಿನ ಬಿಟ್ಟು ಅವಳೇ ಕಳಿಸಿದಳು.

ಓಡಿಹೋಗುವವರ ವಿಷಯ ಜಾಸ್ತಿ ಹೇಳುವುದಿಲ್ಲ. ಒಮ್ಮೆ ಬೆನ್ನಟ್ಟಿದ್ದೆ. ನೂರು ಹೆಜ್ಜೆ ಓಡಿದ ಮೇಲೆ ಕೀಲಿ ಗಾಡಿಯಲ್ಲೇ ಇದೆ ಅಂತ ನೆನಪಾಯಿತು. ಒಂದು ಬಾಡಿಗೆಗೆ ಇಡೀ ಗಾಡಿಯನ್ನೇ ಕಳೆದುಕೊಳ್ಳುವವನಿದ್ದೆ. ಈಗ ಓಡುವುದಿಲ್ಲ. ಸಮಯ, ಜಾಗ ಬರೆದಿಟ್ಟು ದೂರು ಕೊಡುತ್ತೇನೆ, ಮುಂದಿನ ಟ್ರಿಪ್‌ಗೆ ಹೋಗುತ್ತೇನೆ.

ಮಾಡಬಾರದ ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ದುಡ್ಡಿಲ್ಲ ಅಂದವನ ಫೋನ್ ಇಟ್ಟುಕೊಂಡೆ, ದುಡ್ಡು ತಂದು ಬಿಡಿಸಿಕೋ ಅಂದೆ. ಅವನು ಅಪ್ಪನನ್ನು ಕರೆದುಕೊಂಡು ಬಂದ. ಫೋನ್ ಕಿತ್ತುಕೊಂಡವನು ನಾನೇ ಆದೆ! ಬಾಗಿಲು ಲಾಕ್ ಮಾಡಿ ಕೂರಿಸುವುದೂ ಅಷ್ಟೇ. ಸಿಟ್ಟಿನಲ್ಲಿ ಸರಿ ಅನ್ನಿಸುತ್ತದೆ, ಆದರೆ ಆ ಕ್ಷಣದಿಂದ ತಪ್ಪಿತಸ್ಥ ಬದಲಾಗುತ್ತಾನೆ. ಹದಿನಾರು, ಹದಿನೇಳರ ಮಕ್ಕಳಾದರೆ ಕೇಳುವುದೇ ಬೇಡ.

ಗುಂಪಿನಲ್ಲಿ ಮಾತು ಬಿಸಿ ಆದರೆ ಈಗ ಒಂದೇ ಕೆಲಸ ಮಾಡುತ್ತೇನೆ. ಮೀಟರ್ ನಿಲ್ಲಿಸಿ, ಇಂಜಿನ್ ಆಫ್ ಮಾಡುತ್ತೇನೆ. ಕೆಳಗೆ ಇಳಿಯುವುದಿಲ್ಲ. ‘ನೀವು ಹೋಗಿರಿ, ಇವನ ಹತ್ತಿರ ಎರಡು ಮಾತಾಡಿ ಕಳಿಸ್ತೀನಿ. ಬಾಗಿಲು ತೆಗೆದೇ ಇರಲಿ’ ಅನ್ನುತ್ತೇನೆ. ನೋಡುವವರು ಇಲ್ಲದಿದ್ದರೆ ದನಿ ತಾನಾಗಿ ಇಳಿಯುತ್ತದೆ, ಅವನದೂ, ನನ್ನದೂ.

ಕಳೆದ ತಿಂಗಳು ಹೀಗೇ ಐದು ಜನ ಬಂದಿದ್ದರು. ಹತ್ತುವಾಗ ಕೈ ಎತ್ತಿದವನೇ ಇಳಿಯುವಾಗ ಜೋರು ಮಾಡಿದ. ದರ ಜಾಸ್ತಿ, ದಾರಿ ತಪ್ಪು, ಗಾಡಿ ಹಳೆಯದು, ಎಲ್ಲಾ ಆಯಿತು. ಉಳಿದವರನ್ನು ಕಳಿಸಿದೆ. ಅವರು ಗೇಟು ದಾಟುವವರೆಗೆ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಅಣ್ಣ, ಖಾತೆಯಲ್ಲಿ ಅರ್ಧದಷ್ಟೂ ಇಲ್ಲ. ಅವರಿಗೆ ಗೊತ್ತಾಗೋದು ಬೇಡ’ ಅಂದ.

ಇದ್ದಷ್ಟು ಕಳಿಸಿದ. ಉಳಿದದ್ದನ್ನು ನನ್ನ ನೋಟ್‌ಬುಕ್‌ನಲ್ಲಿ ‘ಬರಬೇಕಾದ್ದು’ ಅನ್ನುವ ಪುಟದಲ್ಲಿ ಬರೆದುಕೊಂಡೆ. ಆ ಪುಟದಲ್ಲಿ ಬರೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿದೆ, ಕೆಲವಕ್ಕೆ ವರ್ಷವೇ ಹಿಡಿದಿದೆ. ಇಳಿದ ಮೇಲೆ ಅವನು ಬಾಗಿಲನ್ನು ದಡ್ ಅಂತ ಬಡಿದು, ಗೇಟಿನ ಹತ್ತಿರ ನಿಂತಿದ್ದವರಿಗೆ ಕೇಳುವ ಹಾಗೆ, ‘ಇನ್ಮೇಲೆ ಹೀಗೆಲ್ಲಾ ಜಾಸ್ತಿ ಕೇಳಬೇಡಿ!’ ಅಂತ ಕೂಗಿ ಹೋದ. ನಾನು ತಲೆ ಆಡಿಸಿದೆ. ಅವನ ದುಡ್ಡು ಇನ್ನೂ ಬಂದಿಲ್ಲ.