ಬ್ಯಾಟರಿ ಬೇಗ ಇಳಿಯುತ್ತಿದೆಯೇ? ಅಪ್‌ಡೇಟ್ ಒತ್ತುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ನೂರು ಇದ್ದ ಚಾರ್ಜ್ ಮಧ್ಯಾಹ್ನಕ್ಕೆ ಮೂವತ್ತಕ್ಕೆ ಇಳಿದರೆ ಸುತ್ತಲಿನವರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಅಪ್‌ಡೇಟ್ ಮಾಡು, ಸರಿಹೋಗುತ್ತದೆ’ ಎನ್ನುವವರು ಕೆಲವರು. ‘ಅಪ್‌ಡೇಟ್ ಮಾಡಿದ್ದಕ್ಕೇ ಹೀಗಾಯಿತು’ ಎನ್ನುವವರು ಇನ್ನು ಕೆಲವರು. ಎರಡೂ ಒಂದೊಂದು ಸಲ ನಿಜವೇ. ತಂತ್ರಾಂಶದ ದೋಷವನ್ನು ಅಪ್‌ಡೇಟ್ ತಿದ್ದಬಲ್ಲದು, ಸವೆದುಹೋದ ಬ್ಯಾಟರಿಯನ್ನು ಹೊಸದು ಮಾಡಲಾರದು. ಹಾಗಾಗಿ ನಿಮ್ಮ ಫೋನಿನ ಕಾಯಿಲೆ ಯಾವುದು ಎಂದು ಮೊದಲು ಗೊತ್ತಾಗಬೇಕು.

ಮೊದಲು ಬಳಕೆಯ ಪಟ್ಟಿ ಓದಿ

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗ ತೆರೆದರೆ ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ಅಲ್ಲಿ ಶೇಕಡಾವಾರು ಅಂಕಿ ನೋಡಿ ಬೆಚ್ಚುವುದು ಬೇಡ. ಹೆಚ್ಚಿನ ಫೋನ್‌ಗಳಲ್ಲಿ ಅದು ಖರ್ಚಾದ ಚಾರ್ಜ್‌ನಲ್ಲಿ ಆ ಆ್ಯಪ್‌ನ ಪಾಲು. ಒಟ್ಟು ಹತ್ತು ಶೇಕಡಾ ಖರ್ಚಾಗಿದ್ದು, ಅದರಲ್ಲಿ ಒಂದು ಆ್ಯಪ್‌ನ ಪಾಲು 40 ಎಂದಿದ್ದರೆ ಅದು ನಿಜವಾಗಿ ತಿಂದದ್ದು ನಾಲ್ಕೇ ಶೇಕಡಾ.

ಗಮನಿಸಬೇಕಾದದ್ದು ಸಮಯವನ್ನು. ಪ್ರತಿ ಆ್ಯಪ್ ಪರದೆಯ ಮೇಲೆ ಎಷ್ಟು ಹೊತ್ತು ಇತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ಓಡಿತು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ನೀವು ಹತ್ತು ನಿಮಿಷ ನೋಡಿದ ಆ್ಯಪ್ ಹಿನ್ನೆಲೆಯಲ್ಲಿ ಐದು ಗಂಟೆ ಓಡಿದ್ದರೆ ಅನುಮಾನ ಅದರ ಮೇಲೆಯೇ. ಹಾಡು ಕೇಳಿಸುವ, ದಾರಿ ತೋರಿಸುವ ಆ್ಯಪ್‌ಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಹಿನ್ನೆಲೆಯಲ್ಲಿ ಓಡುವುದೇ ಅವುಗಳ ಕೆಲಸ. ಪಟ್ಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಮೇಲಿದ್ದರೆ ಸಿಗ್ನಲ್ ದುರ್ಬಲ ಎಂದು ತಿಳಿಯಿರಿ. ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಸಂಪರ್ಕ ಹಿಡಿದುಕೊಳ್ಳುತ್ತದೆ. ಅಂಥ ಜಾಗದಲ್ಲಿ ವೈಫೈ ಬಳಸುವುದೇ ಉಪಾಯ.

ಒಂದು ರಾತ್ರಿಯ ಪರೀಕ್ಷೆ

ಮಲಗುವ ಮುನ್ನ ಚಾರ್ಜರ್ ತೆಗೆದು, ಎಷ್ಟು ಶೇಕಡಾ ಇದೆ ಎಂದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದೊಡನೆ ಮತ್ತೆ ನೋಡಿ. ಮುಟ್ಟದೆ ಇಟ್ಟ ಫೋನ್ ಕೆಲವೇ ಶೇಕಡಾ ಇಳಿಯಬೇಕು. ಇಪ್ಪತ್ತು, ಮೂವತ್ತು ಇಳಿದಿದ್ದರೆ ಮರುದಿನ ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ಇದನ್ನೇ ಮತ್ತೆ ಮಾಡಿ. ಆಗ ಇಳಿಕೆ ನಿಂತರೆ ಕಾರಣ ನೆಟ್‌ವರ್ಕ್ ಅಥವಾ ಅದನ್ನು ಬಳಸುವ ಯಾವುದೋ ಆ್ಯಪ್. ಆಗಲೂ ಹಾಗೆಯೇ ಇಳಿದರೆ ದೋಷ ಫೋನಿನೊಳಗೇ ಇದೆ. ಖರ್ಚಿಲ್ಲದ ಈ ಪರೀಕ್ಷೆಯಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಆ್ಯಪ್ ಯಾವುದೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿಗೆ ವಯಸ್ಸಾಗಿದೆಯೇ?

ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ. ಸವೆತವನ್ನು ಸೈಕಲ್‌ಗಳಲ್ಲಿ ಅಳೆಯುತ್ತಾರೆ: ಇಂದು ಅರ್ಧ, ನಾಳೆ ಅರ್ಧ ಖರ್ಚಾದರೆ ಒಂದು ಸೈಕಲ್. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾದರಿಗಳ ಬ್ಯಾಟರಿ 500 ಸೈಕಲ್ ಬಳಿಕ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ತಯಾರಾದದ್ದು. ಐಫೋನ್ 15ರಿಂದ ಅದು 1000 ಸೈಕಲ್. ಐಫೋನ್‌ನಲ್ಲೂ ಕೆಲವು ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲೂ ಬ್ಯಾಟರಿ ಹೆಲ್ತ್ ಎಂಬಲ್ಲಿ ಉಳಿದ ಸಾಮರ್ಥ್ಯದ ಶೇಕಡಾ ಅಂಕಿ ಕಾಣುತ್ತದೆ. ಕಾಣದಿದ್ದರೆ ಲಕ್ಷಣ ನೋಡಿ: ಇಪ್ಪತ್ತೈದರಲ್ಲಿದ್ದಾಗಲೇ ಫೋನ್ ಆಫ್ ಆಗುವುದು, ಅಂಕಿ ನಲವತ್ತರಿಂದ ಒಮ್ಮೆಲೇ ಮೂವತ್ತಕ್ಕೆ ಜಿಗಿಯುವುದು.

ಸವೆದ ಬ್ಯಾಟರಿಯ ವಿಷಯದಲ್ಲಿ ಅಪ್‌ಡೇಟ್ ಏನು ಮಾಡಬಲ್ಲದು ಎಂಬುದಕ್ಕೆ 2017ರ ಪ್ರಕರಣ ಒಳ್ಳೆಯ ಉದಾಹರಣೆ. ಹಳೆಯ ಐಫೋನ್‌ಗಳು ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದವು. ಆ ವರ್ಷದ ಆರಂಭದಲ್ಲಿ ಬಂದ ಐಓಎಸ್ 10.2.1 ಎಂಬ ಅಪ್‌ಡೇಟ್ ಇದನ್ನು ಬಹುಮಟ್ಟಿಗೆ ತಡೆಯಿತು, ಆದರೆ ಪ್ರೊಸೆಸರ್ ವೇಗ ತಗ್ಗಿಸುವ ಮೂಲಕ. ಆ್ಯಪಲ್ ಇದನ್ನು ಬಿಡಿಸಿ ಹೇಳಿದ್ದು ಡಿಸೆಂಬರ್‌ನಲ್ಲಿ. ಟೀಕೆ ಜೋರಾದ ಮೇಲೆ ಬ್ಯಾಟರಿ ಬದಲಿಸುವ ದರ ಇಳಿಸಿತು, 2018ರಲ್ಲಿ ಐಓಎಸ್ 11.3 ಜೊತೆ ಬ್ಯಾಟರಿ ಹೆಲ್ತ್ ತೋರಿಸತೊಡಗಿತು. ತಂತ್ರಾಂಶ ಸವೆದ ಬ್ಯಾಟರಿಯ ಮೇಲಿನ ಭಾರ ಇಳಿಸಿತೇ ಹೊರತು ಸಾಮರ್ಥ್ಯ ಕೂಡಿಸಲಿಲ್ಲ. ಬಳಕೆದಾರರಿಗೆ ಮೊದಲೇ ತಿಳಿಸದೆ ಹಾಗೆ ಮಾಡಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ.

ಈಗ ಅಪ್‌ಡೇಟ್

ಬ್ಯಾಟರಿ ಚೆನ್ನಾಗಿದ್ದು, ಅನುಮಾನ ಒಂದು ಆ್ಯಪ್ ಮೇಲಿದ್ದರೆ ಮೊದಲು ಆ ಆ್ಯಪ್ ಅನ್ನೇ ಅಪ್‌ಡೇಟ್ ಮಾಡಿ. 2025ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಫೋನ್‌ಗಳ ಚಾರ್ಜ್ ಬೇಗ ಇಳಿಯುತ್ತಿದ್ದುದಕ್ಕೆ ಇನ್‌ಸ್ಟಾಗ್ರಾಂ ಆ್ಯಪ್‌ನ ದೋಷ ಕಾರಣವಾಗಿತ್ತು. ಅದರ ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಗೂಗಲ್ಲೇ ತಿಳಿಸಿತು. ಅಪ್‌ಡೇಟ್‌ಗೂ ಜಗ್ಗದ ಆ್ಯಪ್‌ಗೆ ಹಿನ್ನೆಲೆ ಬಳಕೆ ನಿರ್ಬಂಧಿಸಿ, ಲೊಕೇಶನ್ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂದು ಬದಲಿಸಿ.

ನಂತರ ಸಿಸ್ಟಂ ಅಪ್‌ಡೇಟ್, ಅಂದರೆ ಫೋನಿನ ಮೂಲ ತಂತ್ರಾಂಶದ್ದು. ಫೋಟೊ, ಸಂಪರ್ಕಗಳ ಬ್ಯಾಕಪ್ ತೆಗೆದುಕೊಂಡು, ವೈಫೈ ಇರುವಲ್ಲಿ, ಚಾರ್ಜರ್‌ಗೆ ಸಿಕ್ಕಿಸಿ ಮಾಡಿ. ಮುಗಿದ ಮೇಲೆ ಎರಡು ಮೂರು ದಿನ ತೀರ್ಪು ಕೊಡಬೇಡಿ. ಹೊಸ ಆವೃತ್ತಿ ಬಂದ ಕೂಡಲೇ ಫೋನ್ ಕಡತಗಳ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ, ಫೋಟೊಗಳನ್ನು ಮತ್ತೆ ವಿಂಗಡಿಸುತ್ತದೆ, ಆ್ಯಪ್‌ಗಳನ್ನು ಹೊಸ ಆವೃತ್ತಿಗೆ ಅಣಿಗೊಳಿಸುತ್ತದೆ. ಇವೆಲ್ಲ ಚಾರ್ಜ್ ತಿನ್ನುವ ಕೆಲಸಗಳು, ಫೋನ್ ಬಿಸಿಯಾಗುವುದೂ ಇದೆ. ರಾತ್ರಿ ಚಾರ್ಜರ್‌ನಲ್ಲೇ ಬಿಟ್ಟರೆ ಬೇಗ ಮುಗಿಯುತ್ತವೆ. ಅಪ್‌ಡೇಟ್ ಕೆಡಿಸಿತು ಎಂಬ ದೂರುಗಳಲ್ಲಿ ಅನೇಕವು ಈ ಮೊದಲ ದಿನಗಳವು.

ಎಲ್ಲವೂ ಅಲ್ಲ. 2025ರ ಜನವರಿಯಲ್ಲಿ ಗೂಗಲ್ ಪಿಕ್ಸೆಲ್ 4ಎ ಫೋನ್‌ಗಳಿಗೆ ತಾನಾಗಿ ಬಂದ ಅಪ್‌ಡೇಟ್, ಅವುಗಳ ಪೈಕಿ ಕೆಲವುಗಳ ಬ್ಯಾಟರಿ ಸಾಮರ್ಥ್ಯವನ್ನು ಬೇಕೆಂದೇ ತಗ್ಗಿಸಿತು. ಅತಿಯಾಗಿ ಬಿಸಿಯಾಗುವ ಅಪಾಯ ಕಡಿಮೆ ಮಾಡುವುದು ಅದರ ಉದ್ದೇಶ. ಹಳೆಯ ಆವೃತ್ತಿಗೆ ಮರಳುವುದು ಸಾಮಾನ್ಯ ಬಳಕೆದಾರರಿಗೆ ಸುಲಭವೂ ಅಲ್ಲ. ಆದ್ದರಿಂದ ದೊಡ್ಡ ಆವೃತ್ತಿ ಬಂದಾಗ ವಾರ ಎರಡು ವಾರ ಕಾಯುವುದು ಒಳ್ಳೆಯದು. ಭದ್ರತಾ ಅಪ್‌ಡೇಟ್ ವಿಷಯದಲ್ಲಿ ಮಾತ್ರ ಕಾಯಬೇಡಿ. ಚಾರ್ಜ್ ಉಳಿಸಲು ಹೋಗಿ ಬ್ಯಾಂಕ್ ಖಾತೆಗೆ ಕುತ್ತು ತಂದುಕೊಳ್ಳಬಾರದು.

ನಾಲ್ಕನೆಯ ದಿನವೂ ಇಳಿಕೆ ನಿಲ್ಲದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ, ರಾತ್ರಿಯ ಪರೀಕ್ಷೆಗೆ ಮತ್ತೆ ಒಡ್ಡಿ. ಆಂಡ್ರಾಯ್ಡ್ ಆದರೆ ಸೇಫ್ ಮೋಡ್‌ನಲ್ಲೂ ಒಂದು ರಾತ್ರಿ ಇಟ್ಟು ನೋಡಬಹುದು. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ, ತಪ್ಪಿತಸ್ಥ ಅವುಗಳಲ್ಲಿದ್ದರೆ ಗೊತ್ತಾಗುತ್ತದೆ. ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಕೊನೆಯ ದಾರಿ.

ತೆರೆದ ಆ್ಯಪ್‌ಗಳನ್ನೆಲ್ಲ ಪದೇ ಪದೇ ಉಜ್ಜಿ ಮುಚ್ಚುವ ಅಭ್ಯಾಸ ಬಿಡಿ. ಮತ್ತೆ ಮೊದಲಿನಿಂದ ತೆರೆಯಲು ಇನ್ನಷ್ಟು ಶಕ್ತಿ ಬೇಕು. ಬ್ಯಾಟರಿ ಉಳಿಸುತ್ತೇವೆ ಎನ್ನುವ ಆ್ಯಪ್‌ಗಳೂ ಬೇಡ.

ಬ್ಯಾಟರಿಯೇ ಸವೆದಿದ್ದರೆ ಬದಲಿಸುವುದೊಂದೇ ಪರಿಹಾರ, ಹೊಸ ಫೋನ್ ಕೊಳ್ಳಬೇಕಿಲ್ಲ. ಆದರೆ ಪರದೆ ಮೇಲೆದ್ದಿದ್ದರೆ ಅಥವಾ ಹಿಂಬದಿಯ ಕವಚ ಉಬ್ಬಿದ್ದರೆ ಈ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಅದು ಊದಿಕೊಂಡ ಬ್ಯಾಟರಿ, ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜ್ ಹಾಕಬೇಡಿ, ಅದುಮಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಫೋನ್ ಆಫ್ ಮಾಡಿ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಡಿ.