ಆಷಾಢದ ಮಳೆಯಲ್ಲಿ ಸಂಗ್ರಹಾಲಯ ತುಂಬಿಸಿದ್ದು: ನನ್ನ ಅನುಭವ

ಮೂರು ವರ್ಷದ ಹಿಂದೆ ಆಷಾಢದ ಭಾನುವಾರಗಳಲ್ಲಿ ಕಾರ್ಯಕ್ರಮ ಇಡೋಣ ಅಂದಾಗ ನಮ್ಮ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಅಲ್ಲ ಮಾರಾಯ, ಆ ಮಳೆಗೆ ನಾಯಿನೂ ಜಗುಲಿ ಬಿಟ್ಟು ಇಳಿಯಲ್ಲ, ಜನ ಬರ್ತಾರಾ?" ಅಂತ ಹಿರಿಯರೊಬ್ಬರು ಕೇಳಿದರು. ಹೋದ ಮಳೆಗಾಲ ನಮ್ಮ ಎರಡು ಕೋಣೆಯಲ್ಲಿ ಭಾನುವಾರಕ್ಕೆ 40ರಿಂದ 60 ಜನ ಕೂತಿದ್ದರು. ಕರೆಯದೆ ಬಂದು ಕೆಲಸ ಮಾಡುವ ಸ್ವಯಂಸೇವಕರು ಈಗ 11 ಜನ. ಅದೇ ಹಿರಿಯರು ಈಗ ಚಪ್ಪಲಿ, ಕೊಡೆ ಇಡುವ ಜಾಗ ನೋಡಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂದಿದೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಸ್ಥಳೀಯ ಇತಿಹಾಸ ಸಂಗ್ರಹಾಲಯ. ಹಳೇ ಕಟ್ಟಡ, ಹಂಚಿನ ಮಾಡು, ಸಂಬಳದ ಸಿಬ್ಬಂದಿ ಇಲ್ಲ. ಇಂಥದ್ದನ್ನು ನಡೆಸುವವರಿಗೆ ಉಳಿದದ್ದು ಹೇಳಬೇಕಿಲ್ಲ. ನೋಂದಣಿ ಪುಸ್ತಕ, ಬೀರುವಿನ ಬೀಗ, ಗೆದ್ದಲು, ಎಲ್ಲ ನಿಮಗೂ ಗೊತ್ತಿರುವ ಕಥೆಯೇ.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಎಲ್ಲರಂತೆ ನಾವೂ ಮೇ 18 ಹಿಡಿದೆವು. ಅದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ನಡೆದು ಬಂದದ್ದು. ಶಾಮಿಯಾನ ಆರೂವರೆ ಸಾವಿರ, ಮೈಕ್ ಸೆಟ್ ನಾಲ್ಕು ಸಾವಿರ, ಶಾಲು ಹಾರ ಹಣ್ಣು ಮೂರು ಸಾವಿರದ ಹತ್ತಿರ, ಆಮಂತ್ರಣ ಪತ್ರಿಕೆ ಎರಡು ಸಾವಿರ, ಊಟ ಒಂಬತ್ತು ಸಾವಿರ. ಒಟ್ಟು 25 ಸಾವಿರದ ಹತ್ತಿರ ಹೋಯಿತು. ಕುರ್ಚಿ ತುಂಬಿದ್ದು ಬೇಸಿಗೆ ಶಿಬಿರದಿಂದ ಬಸ್ಸಲ್ಲಿ ಕರೆತಂದ ಮಕ್ಕಳಿಂದ. ಊರಿನವರೆಲ್ಲ ಮದುವೆ ಮುಂಜಿಗೆ ಹೋಗಿದ್ದರು. ಮೇ ತಿಂಗಳು ಅಲ್ವಾ, ಒಂದೇ ದಿನ ಮೂರು ಮನೆಗೆ ಹೋಗಬೇಕಾದ ಕಾಲ. ಭಾಷಣ ಎರಡು ಗಂಟೆ ನಡೆಯಿತು, ಒಳಗೆ ಬಂದು ವಸ್ತು ನೋಡಿದವರು 15 ಜನ ಇರಬಹುದು. ಸ್ವಯಂಸೇವಕರಾಗಿ ಹೆಸರು ಬರೆಸಿದವರು ಇಬ್ಬರು, ಅವರೂ ಮತ್ತೆ ಬರಲಿಲ್ಲ.

ಆಮೇಲೆ ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ ಹಿಡಿದೆವು. ಆಗ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವ, ಸಿಕ್ಕ ದಿನ ಬಿಟ್ಟು ಸಂಗ್ರಹಾಲಯಕ್ಕೆ ಬನ್ನಿ ಅಂತ ಯಾರಿಗೆ ಹೇಳೋದು? ಮನೆಮನೆಯಲ್ಲೂ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಬಂದವರು ಒಂಬತ್ತು ಜನ, ಅದರಲ್ಲಿ ಆರು ಜನ ಸಮಿತಿಯವರೇ.

ಆಗ ಒಂದು ದಿನ ಕೂತು ಊರಿನ ವರ್ಷವನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಾ ಹೋದೆ. ಮದುವೆ, ಜಾತ್ರೆ, ಕೊಯ್ಲು, ಪರೀಕ್ಷೆ, ಶ್ರಾವಣದ ಪೂಜೆ. ಖಾಲಿ ಉಳಿದದ್ದು ಆಷಾಢ. ಶುಭಕಾರ್ಯ ಇಲ್ಲ, ನೆಂಟರ ಮನೆ ತಿರುಗಾಟ ಇಲ್ಲ, ಜನ ಮನೆಯಲ್ಲೇ ಇರುತ್ತಾರೆ, ಮಾತಾಡಲು ಹಾತೊರೆಯುತ್ತಾರೆ. ಇದು ನನಗೆ ಹೊಳೆದದ್ದಕ್ಕೆ ಇವತ್ತಿಗೂ ಹೆಮ್ಮೆ ಇದೆ.

ಆದರೆ ಮೊದಲ ಭಾನುವಾರವೇ ಕೈಕೊಟ್ಟಿತು. ಅವತ್ತು ಬೆಳಿಗ್ಗೆ ಬಿಸಿಲು ಬಂತು. ಬಂದವರು ನಾಲ್ಕು ಜನ. ಯಾಕೆ ಅಂದರೆ ಮಳೆ ಬಿಟ್ಟ ದಿನ ತೋಟಕ್ಕೆ ಮದ್ದು ಹೊಡೆಯಬೇಕು. ಅಡಿಕೆಯ ಕೊಳೆ ರೋಗಕ್ಕೆ ಮಳೆಗಾಲಕ್ಕೆ ಮುಂಚೆ ಒಂದು ಸಲ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, 40-45 ದಿನಕ್ಕೆ ಎರಡನೇ ಸಲ. ಸರಿಯಾಗಿ ಅದೇ ಹೊತ್ತಿಗೆ ನಾನು ಕಾರ್ಯಕ್ರಮ ಇಟ್ಟಿದ್ದೆ. ಹೊಳವಾದರೆ ಇಡೀ ಊರು ತೋಟದಲ್ಲಿರುತ್ತದೆ. ಅಲ್ಲಿಂದ ಒಂದು ನಿಯಮ ಮಾಡಿದೆವು. ಮಳೆ ಇದ್ದರೆ ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಬಂದರೆ ಸಂಜೆ ಆರು ಗಂಟೆಗೆ. ಭಾನುವಾರ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಒಂದೇ ಪದ ಹೋಗುತ್ತದೆ, "ಮೂರು" ಅಥವಾ "ಆರು". ಅಷ್ಟೇ. ಇಷ್ಟು ಸಣ್ಣ ಬದಲಾವಣೆಯಿಂದ ನಾಲ್ಕು ಜನ ಇದ್ದದ್ದು ಮುಂದಿನ ವಾರ 30 ದಾಟಿತು.

ಇನ್ನು ಏನು ಮಾಡೋದು ಅನ್ನುವ ವಿಷಯ. ಮೊದಲು ಪ್ರೊಜೆಕ್ಟರ್ ಬಾಡಿಗೆಗೆ ತಂದೆ, 1,500 ರೂಪಾಯಿ. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು, ರಾತ್ರಿಯವರೆಗೂ ಬರಲಿಲ್ಲ. ಮಲೆನಾಡಿನ ಜುಲೈನಲ್ಲಿ ಕರೆಂಟ್ ನಂಬಿ ಕೂತದ್ದು ನನ್ನ ತಪ್ಪು. ಆಮೇಲೆ ಕರೆಂಟ್ ಬೇಕಾಗುವ ಯಾವ ಕಾರ್ಯಕ್ರಮವನ್ನೂ ಇಡಲಿಲ್ಲ. ವೇದಿಕೆ ಇಲ್ಲ, ಅತಿಥಿ ಇಲ್ಲ, ಒಂದು ಭಾನುವಾರಕ್ಕೆ ಒಂದೇ ವಸ್ತು. ಅದನ್ನು ಬೀರುವಿನಿಂದ ತೆಗೆದು ಚಾಪೆ ಮೇಲೆ ಇಟ್ಟು ಜನರ ಕೈಗೆ ಕೊಡುವುದು. ಕೈಗೆ ಕೊಡಬಾರದ ವಸ್ತು ಯಾವುದು ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬಿಡಿ.

ಎಲ್ಲಕ್ಕಿಂತ ಚೆನ್ನಾಗಿ ಆದದ್ದು ಮುಳುಗಡೆಯ ಭಾನುವಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರಿನಲ್ಲಿ ಹೋದ ಊರುಗಳವರು ನಮ್ಮ ಸುತ್ತ ಬಹಳ ಜನ ಇದ್ದಾರೆ. ಆಗ ಹತ್ತು ಹನ್ನೆರಡು ವರ್ಷದವರಾಗಿದ್ದವರಿಗೆ ಈಗ 70 ದಾಟಿದೆ. ಅವರಿಂದ ಊರಿನ ನಕ್ಷೆ ಬರೆಸಬೇಕು ಅಂತ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ ತಂದೆ. 600 ರೂಪಾಯಿ ಸುಮ್ನೆ ಹೋಯಿತು. ಒಬ್ಬರೂ ಪೆನ್ ಮುಟ್ಟಲಿಲ್ಲ. "ನಮಗೆ ಬರೆಯೋಕೆ ಎಲ್ಲಿ ಬತ್ತದೆ ತಮ್ಮಾ" ಅಂದರು. ಒಂದು ಗಂಟೆ ಹಾಗೇ ಕಳೆಯಿತು. ಆಮೇಲೆ ಒಬ್ಬ ಅಜ್ಜಿ ಎಲೆ ಅಡಿಕೆ ಚೀಲದಿಂದ ಒಂದು ಅಡಿಕೆ ತೆಗೆದು ನೆಲದ ಮೇಲಿಟ್ಟು, "ಇದು ನಮ್ಮನೆ ಅಂತಾದ್ರೆ, ಹಳ್ಳ ಇಲ್ಲಿ" ಅಂತ ಬೆರಳಲ್ಲಿ ಗೆರೆ ಎಳೆದರು.

ಅಷ್ಟೇ ಸಾಕಾಯಿತು. ಓಡಿ ಹೋಗಿ ಒಂದು ಬುಟ್ಟಿ ಅಡಿಕೆ ತಂದೆ. ಅಡಿಕೆ ಅಂದರೆ ಮನೆ, ಬಿಳಿ ನೂಲು ಅಂದರೆ ಹಳ್ಳ, ಅಡಿಕೆ ಹಾಳೆಯ ತುಂಡು ಅಂದರೆ ಗದ್ದೆ, ಕಲ್ಲು ಅಂದರೆ ದೇವಸ್ಥಾನ. ಮೂರು ಗಂಟೆಯಲ್ಲಿ ನೆಲದ ಮೇಲೆ ಒಂದು ಊರು ಎದ್ದಿತು, 14 ಮನೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಸರಿಸುತ್ತಿದ್ದರು. "ಅದು ಹಳ್ಳದ ಆಚೆ ಅಲ್ಲ, ಈಚೆ. ನಿಮ್ಮಪ್ಪ ದಿನಾ ಸಂಕ ದಾಟಿ ಬರ್ತಿರಲಿಲ್ವಾ?" ಅಂತ ಜಗಳ. ನಾನು ಎರಡು ವರ್ಷ ಮನೆಮನೆ ತಿರುಗಿ ರೆಕಾರ್ಡ್ ಮಾಡಿಕೊಂಡದ್ದಕ್ಕಿಂತ ಜಾಸ್ತಿ ಅವತ್ತು ಒಂದೇ ದಿನ ಸಿಕ್ಕಿತು. ಒಬ್ಬೊಬ್ಬರನ್ನೇ ಕೇಳಿದರೆ ನೆನಪಿಲ್ಲ ಅನ್ನುತ್ತಾರೆ. ಬೇರೆಯವರು ತಪ್ಪು ಹೇಳಿದರೆ ಮಾತ್ರ ಎಲ್ಲ ನೆನಪಾಗುತ್ತದೆ. ಏಣಿ ಹತ್ತಿ ಮೇಲಿಂದ ಫೋಟೋ ತೆಗೆದೆವು. ಅಡಿಕೆ ತೆಗೆಯುವಾಗ ಆ ಅಜ್ಜಿ ತಮ್ಮ ಮನೆಯದ್ದನ್ನು ಮಾತ್ರ ಮತ್ತೆ ಚೀಲಕ್ಕೆ ಹಾಕಿಕೊಂಡರು. ನನಗೆ ಮಾತು ಹೊರಡಲಿಲ್ಲ.

ಇಂಥ ಹಿರಿಯರನ್ನು ಮಳೆಯಲ್ಲಿ ಮನೆಯಿಂದ ಹೊರಡಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ವಾಹನ ಕಳಿಸುವುದು ಅದರಲ್ಲಿ ಅರ್ಧ ಮಾತ್ರ, ಇನ್ನರ್ಧ ನಮ್ಮಲ್ಲೇ ಇರಲಿ.

ಎರಡನೆಯದು ಕೊಳಗದ ಭಾನುವಾರ. ಕಾಗೋಡು ನಮ್ಮ ತಾಲ್ಲೂಕೇ. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಪಠ್ಯದಲ್ಲಿ ಎರಡು ಸಾಲು ಇರುತ್ತದೆ. ಆದರೆ ಅಲ್ಲಿ ಭತ್ತ ಅಳೆಯುವ ಕೊಳಗವೇ ಜಗಳಕ್ಕೆ ಒಂದು ಕಾರಣ ಅನ್ನುವುದು ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಹಾಗಾಗಿ ಬೇರೆ ಬೇರೆ ಮನೆಯಿಂದ ಐದು ಕೊಳಗ ತರಿಸಿದೆ. ಎಲ್ಲದಕ್ಕೂ ಹೆಸರು ಕೊಳಗವೇ. ಮಕ್ಕಳ ಕೈಯಲ್ಲೇ ಭತ್ತ ತುಂಬಿಸಿ, ಸವರಿ ಒಂದು ಸಲ, ಗೋಪುರ ಕಟ್ಟಿ ಒಂದು ಸಲ ಅಳೆಸಿದೆ. ಚಿಕ್ಕದಕ್ಕೂ ದೊಡ್ಡದಕ್ಕೂ ಹೆಚ್ಚುಕಡಿಮೆ ಮುಕ್ಕಾಲು ಸೇರು ಫರಕು ಬಂತು. ಗೋಪುರ ಕಟ್ಟಿದರೆ ಇನ್ನೂ ಜಾಸ್ತಿ. ಒಬ್ಬ ಹುಡುಗಿ ತಾನೇ ಲೆಕ್ಕ ಹಾಕಿ, ನೂರು ಕೊಳಗ ಗೇಣಿ ಕೊಡಬೇಕಾದರೆ ಎಷ್ಟು ಹೆಚ್ಚಿಗೆ ಹೋಗುತ್ತದೆ ಅಂತ ಬೋರ್ಡ್ ಮೇಲೆ ಬರೆದಳು. ಕೂತಿದ್ದ ಅಜ್ಜ ಒಬ್ಬರು ದೊಡ್ಡ ಕೊಳಗ ಎತ್ತಿ ತಿರುಗಿಸಿ ನೋಡಿ ಹೇಳಿದರು, "ಇದು ಕೊಡೋ ಕೊಳಗ ಅಲ್ಲ ಮಗಾ, ತಗಳೋ ಕೊಳಗ." ನಾವು ಬರೆದಿಟ್ಟಿದ್ದ ಫಲಕ ಕಿತ್ತು ಹಾಕಿ ಈಗ ಆ ಮಾತನ್ನೇ ಬರೆದಿದ್ದೇವೆ.

ನಡುವೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಕಡತ, ಅಂದರೆ ಹಿಂದೆ ಲೆಕ್ಕ ಬರೆಯುತ್ತಿದ್ದ ಮಡಿಸುವ ಕಪ್ಪು ಬಟ್ಟೆಯ ಪುಸ್ತಕ, ಮಾಡುವುದು. ಹಳೇ ಲೆಕ್ಕದ ಕಡತ ತೋರಿಸಿದಾಗಲೆಲ್ಲ ಮಕ್ಕಳು ಇದು ಪ್ಲಾಸ್ಟಿಕ್ಕಾ ಅಂತ ಕೇಳುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುವುದು. ಓದಿದರೆ ಸುಲಭ. ಮೊದಲನೆಯದು ಒಣಗಲೇ ಇಲ್ಲ, ನಾಲ್ಕನೇ ದಿನಕ್ಕೆ ಬೂಸ್ಟು. ಎರಡನೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆವು, ಒಣಗಿತು, ಆದರೆ ಜಿರಳೆ ಅಂಚೆಲ್ಲ ತಿಂದಿತು. ಮೂರನೆಯದಕ್ಕೆ ಅಂಟು ತೆಳ್ಳಗೆ ಮಾಡಿ ಮೂರು ಪದರ ಬಳಿದೆವು, ಒಂದೊಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಈಗ ಬಳಪ ಹಿಡಿಯುತ್ತದೆ, ಒರೆಸಿದರೆ ಹೋಗುತ್ತದೆ. ಅಂಟಿಗೆ ಇನ್ನೊಂದು ವಸ್ತು ಸೇರಿಸಿದ್ದೇವೆ, ಅದು ಬೇಕಾದವರು ಬಂದು ನೋಡಿಕೊಂಡು ಹೋಗಿ. ಈ ಕೆಲಸ ಮಾತ್ರ ಮಳೆಗಾಲದಲ್ಲಿ ಮಾಡಬೇಡಿ, ಬೇಸಿಗೆಗೆ ಇಡಿ.

ಮಳೆಗಾಲದಲ್ಲಿ ಬೀರು ತೆರೆದರೆ ಥಂಡಿ (ತೇವ) ಒಳಗೆ ಹೋಗುತ್ತದೆ ಅನ್ನುವ ತಕರಾರು ಬಂತು, ನ್ಯಾಯವಾದದ್ದೇ. ಕಾಗದ, ತಾಳೆಗರಿ, ಫೋಟೋ ಇವನ್ನು ಆಷಾಢದಲ್ಲಿ ನಾವು ಹೊರಗೆ ತೆಗೆಯುವುದಿಲ್ಲ. ಮರ, ಕಂಚು, ಕಲ್ಲು, ಮಡಕೆ ಮಾತ್ರ. ಕಾಗದದ ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇವೆ, ಎರಡು ವಾರಕ್ಕೊಮ್ಮೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡುತ್ತೇವೆ. ಆ ಬಾಣಲೆ ಅಡುಗೆಗೆ ಬಳಸಬೇಡಿ. ಮೊದಲು ಸುಟ್ಟ ಸುಣ್ಣ ಇಟ್ಟು ನೋಡಿದ್ದೆ, ಥಂಡಿ ಎಳೆಯುತ್ತದೆ ನಿಜ, ಆದರೆ ಪುಡಿ ಹಾರಿ ಒಂದು ಜಮಾಖರ್ಚು ಪುಸ್ತಕದ ರಟ್ಟು ಹಾಳಾಯಿತು. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಸ್ವಯಂಸೇವಕರ ವಿಷಯಕ್ಕೆ ಬರುತ್ತೇನೆ. "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಫ್ಲೆಕ್ಸ್ ಹಾಕಿದ್ದೆವು, 1,200 ರೂಪಾಯಿ. ಫೋನ್ ಮಾಡಿದವರು ಮೂವರು, ಮೂವರೂ ಸಂಬಳ ಎಷ್ಟು ಅಂತ ಕೇಳಿದರು. ಆಮೇಲೆ ಕಾಲೇಜಿನ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳು 20 ಜನ ಬಂದರು. ಅವರಿಗೆ ವರ್ಷಕ್ಕೆ 120 ಗಂಟೆ ಸೇವೆ ಆಗಬೇಕಿರುತ್ತದೆ. ಮೊದಲ ದಿನವೇ ಪ್ರಮಾಣಪತ್ರ ಕೊಟ್ಟೆ, ಎರಡನೇ ದಿನಕ್ಕೆ ಇಬ್ಬರು ಉಳಿದರು. ಈಗ ಯಾರನ್ನೂ ಸ್ವಯಂಸೇವಕರಾಗಿ ಅಂತ ಕೇಳುವುದೇ ಇಲ್ಲ. ಭಾನುವಾರ ಬಂದವರ ಕೈಗೆ ಒಂದು ಕೆಲಸ ಕೊಡುತ್ತೇನೆ, ಮತ್ತು ಆ ಕೆಲಸ ಅವತ್ತೇ ಮುಗಿಯದ ಹಾಗೆ ನೋಡಿಕೊಳ್ಳುತ್ತೇನೆ. ಅಡಿಕೆಯ ಊರಿನ ಫೋಟೋ ನೋಡಿ ಮನೆಗಳಿಗೆ ನಂಬರ್ ಹಾಕುವುದು ಅರ್ಧಕ್ಕೆ ನಿಂತಿತ್ತು. ಮುಂದಿನ ಭಾನುವಾರ ಮೊಮ್ಮಗ ಒಬ್ಬ ಅಜ್ಜನನ್ನು ಬೈಕಲ್ಲಿ ಕೂರಿಸಿಕೊಂಡು ಬಂದ, "ಆರನೇ ಮನೆ ತಪ್ಪಾಗಿದೆಯಂತೆ" ಅಂತ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮನೆಯಿಂದ ದುಡಿಯುತ್ತಾನೆ. ನಮ್ಮ ನೋಂದಣಿ ಪುಸ್ತಕದ ಸುಮಾರು 900 ವಸ್ತುಗಳನ್ನು ಕಂಪ್ಯೂಟರಿಗೆ ಹಾಕಿದ್ದು ಅವನೇ. ಉಳಿದವರಲ್ಲಿ ಒಬ್ಬರು ದರ್ಜಿ, ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಇಬ್ಬರು ಅಕ್ಕತಂಗಿಯರು, ಒಬ್ಬ ಟೆಂಪೋ ಡ್ರೈವರ್. ಮೇಜಿನ ಹಿಂದೆ ಕೂತು ವಿವರಿಸುವವರಿಗಿಂತ ನನಗೆ ಈ ಡ್ರೈವರ್ ದೊಡ್ಡವನು. ಯಾವ ಮನೆಯ ಅಟ್ಟದಲ್ಲಿ ಏನಿದೆ ಅಂತ ಅವನಿಗೆ ಗೊತ್ತು.

ಖರ್ಚು ಈಗ ಭಾನುವಾರಕ್ಕೆ 700ರಿಂದ 900. ಕಷಾಯ, ಸುಟ್ಟ ಹಲಸಿನ ಹಪ್ಪಳ, ಟೆಂಪೋ ಡೀಸೆಲ್. ಹಪ್ಪಳ ಮನೆಮನೆಯಿಂದ ಬರುತ್ತದೆ, ಮೊದಲ ವರ್ಷ ಮಾತ್ರ ಕೊಂಡದ್ದು. ಕಾಣಿಕೆ ಡಬ್ಬಿಯಲ್ಲಿ ವಾರಕ್ಕೆ ಸಾವಿರದ ಆಸುಪಾಸು ಬೀಳುತ್ತದೆ. ಅಂದರೆ ಮೊದಲ ಸಲ ಒಂದು ದಿನಕ್ಕೆ ಕಳೆದ ದುಡ್ಡಿನಲ್ಲಿ ಈಗ ಏಳು ಆಷಾಢ ಕಳೆಯಬಹುದು.

ದೀಪಾವಳಿ ಆಸುಪಾಸಿಗೆ, ಕೊಯ್ಲು ಜೋರಾಗುವ ಮುಂಚೆ, ಒಂದು ಟಾರ್ಚ್ ರಾತ್ರಿ ಇಡುತ್ತೇವೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟ, 1904ರದ್ದು, ಅದರಲ್ಲಿ ಸಾಗರದ ಶಾಸನಗಳಿವೆ. ಹಗಲಲ್ಲಿ ಏನೂ ಕಾಣದ ಸವೆದ ಕಲ್ಲಿಗೆ ಕತ್ತಲಲ್ಲಿ ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಟಾರ್ಚ್ ಹಿಡಿದರೆ ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನೂ ಬೇಡ, ದಯವಿಟ್ಟು ಹಚ್ಚಲೂ ಬೇಡಿ. ವೀರಗಲ್ಲಿಗೆ ತಂತಿ ಬ್ರಷ್ ಹಾಕಿ ಉಜ್ಜಿದ್ದನ್ನು ಬೇರೆ ಊರಲ್ಲಿ ನೋಡಿ ಬಂದೆ, ಮುಖವೇ ಹೋಗಿತ್ತು.

ಈ ವರ್ಷದ ಆಷಾಢಕ್ಕೆ ಮೊದಲ ಭಾನುವಾರ ಲಾಂಚಿನದ್ದು, ಅಂದರೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ದೋಣಿಯದ್ದು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕೂತ ದಿನಗಳು ನೋಡನೋಡುತ್ತಿದ್ದಂತೆ ಇತಿಹಾಸ ಆಗುತ್ತಿವೆ. ಟಿಕೆಟ್, ಫೋಟೋ, ಬಾಣಂತಿಯನ್ನು ರಾತ್ರಿ ದಾಟಿಸಿದ ಕಥೆ, ಏನಿದ್ದರೂ ತನ್ನಿ. ಎರಡನೇ ಭಾನುವಾರ ಮತ್ತೆ ಅಡಿಕೆಯ ಊರು, ಈ ಸಲ ಬೇರೆ ಊರು, ಅಲ್ಲಿಯವರು ಐದು ಜನ ಸಿಕ್ಕಿದ್ದಾರೆ, ಇನ್ನೂ ಮೂವರು ಬೇಕು. ಮೂರನೆಯದು ಕೊಳಗ, ಮನೆಯಲ್ಲಿರುವ ಸೇರು, ಸಿದ್ದೆ ಎಲ್ಲ ತರಬಹುದು. ಹನ್ನೊಂದು ಗಂಟೆಗೆ ಮೆಸೇಜ್ ನೋಡಿ. ಮಳೆ ಹಿಡಿದಿದ್ದರೆ ಮೂರು, ಹೊಳವಾದರೆ ಆರು.