ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಪೆನ್‌ಡ್ರೈವ್‌ನಿಂದ ಒಮ್ಮೆ ಚಾಲೂ ಮಾಡಿ ನೋಡಿ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿರುವ ನಮ್ಮ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮಾ, ಲ್ಯಾಪ್‌ಟಾಪ್ ಚಾಲೂನ ಆಗವಲ್ದು. ಎರಡು ವರ್ಷದ ನೋಟ್ಸ್ ಎಲ್ಲಾ ಅದರಾಗ ಅದಾವ." ಅಂಗಡಿಯೊಂದರಲ್ಲಿ ತೋರಿಸಿದ್ದನಂತೆ. ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು, ಒಳಗಿದ್ದದ್ದು ಉಳಿಯುತ್ತೆ ಅಂತ ಹೇಳೋಕಾಗಲ್ಲ ಅಂದರಂತೆ. ಕೊಡಬೇಡ, ಬರ್ತೀನಿ ಇರು ಅಂದೆ. ಮರುದಿನ ಜೇಬಿಗೆ 16 ಜಿಬಿಯ ಹಳೇ ಪೆನ್‌ಡ್ರೈವ್ ಹಾಕಿಕೊಂಡು ಹುಬ್ಬಳ್ಳಿಯ ನವನಗರದಲ್ಲಿ ಚಿಗರಿ ಬಸ್ ಹತ್ತಿದೆ.

ಕೆಟ್ಟಿರೋದು ವಿಂಡೋಸ್, ಅದು ಕುಳಿತಿರೋ ಡಿಸ್ಕ್ ಅಲ್ಲ. ಬಹಳಷ್ಟು ಸಲ ಇಷ್ಟೇ ವಿಷಯ. ಪೆನ್‌ಡ್ರೈವ್‌ನಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಇದ್ದರೆ ಲ್ಯಾಪ್‌ಟಾಪ್ ಅದರಿಂದಲೇ ಶುರುವಾಗುತ್ತದೆ. ಮುಂಬಾಗಿಲ ಕೀಲಿ ಹಾಳಾದರೆ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ ಸಾಮಾನು ತರಲ್ವಾ, ಹಾಗೆ.

ಪೆನ್‌ಡ್ರೈವ್ ತಯಾರು ಮಾಡೋಕೆ ಸರಿಯಾಗಿರೋ ಇನ್ನೊಂದು ಕಂಪ್ಯೂಟರ್ ಬೇಕು. ಅದಕ್ಕೇ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ. 8 ಜಿಬಿ ಸಾಕು. ರಸ್ತೆ ಬದಿಯಲ್ಲಿ ಮುನ್ನೂರು ರೂಪಾಯಿಗೆ 1 ಟಿಬಿ ಅಂತ ಮಾರುತ್ತಾರಲ್ಲ, ಅದು ಮಾತ್ರ ಬೇಡ. ಮೇಲೆ ಬರೆದಷ್ಟು ಜಾಗ ಅದರಲ್ಲಿ ಇರುವುದಿಲ್ಲ, ತುಂಬಿದ ಮೇಲೆ ಹಾಕಿದ ಫೈಲ್‌ಗಳು ಸುಮ್ನೆ ಹಾಳಾಗುತ್ತವೆ. ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ಐಎಸ್‌ಒ ಫೈಲ್ (ಇಡೀ ಸಿಸ್ಟಮ್ ತುಂಬಿಟ್ಟ ಒಂದೇ ಫೈಲ್) ಇಳಿಸಿಕೊಳ್ಳಿ, 3 ಜಿಬಿ ಹತ್ತಿರ ಇರುತ್ತದೆ. ವಿಂಡೋಸ್ ಥರಾನೇ ಕಾಣುವುದರಿಂದ ಹೊಸಬರಿಗೆ ಕಷ್ಟ ಆಗಲ್ಲ. ಆಮೇಲೆ ರೂಫಸ್ ಅನ್ನೋ ಪುಟ್ಟ ಪ್ರೋಗ್ರಾಮ್ ತೆರೆದು, ಮೇಲೆ ಪೆನ್‌ಡ್ರೈವ್ ಆರಿಸಿ, ಕೆಳಗೆ ಆ ಐಎಸ್‌ಒ ಆರಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಟ್ಟು ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಮದುವೆ ಫೋಟೋ ಇರೋ ಪೆನ್‌ಡ್ರೈವ್ ತಗೋಬೇಡಿ. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಆಗುವುದಿಲ್ಲ. ಸುಮಾರು ಜನ ಮಾಡುವ ತಪ್ಪು ಇದು. ಹಾಗೆ ಕಾಪಿ ಮಾಡಿ ನಡೆಸಬೇಕು ಅಂದರೆ ಮೊದಲು ಪೆನ್‌ಡ್ರೈವ್‌ಗೆ ವೆಂಟಾಯ್ ಅನ್ನೋ ಪ್ರೋಗ್ರಾಮ್ ಹಾಕಬೇಕು. ಆಮೇಲೆ ಒಂದೇ ಪೆನ್‌ಡ್ರೈವ್‌ನಲ್ಲಿ ನಾಲ್ಕೈದು ಐಎಸ್‌ಒ ಇಟ್ಟುಕೊಂಡು, ಚಾಲೂ ಮಾಡುವಾಗ ಬೇಕಾದ್ದನ್ನು ಆರಿಸಬಹುದು.

ಈಗ ಕೆಟ್ಟ ಲ್ಯಾಪ್‌ಟಾಪ್‌ಗೆ ಬನ್ನಿ. ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಪವರ್ ಬಟನ್ ಒತ್ತಿದ ಕೂಡಲೇ ಬೂಟ್ ಮೆನುವಿನ (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಕೀಲಿಯನ್ನು ಟಕಟಕ ಅಂತ ಒತ್ತುತ್ತಾ ಇರಿ, ಹಿಡಿದುಕೊಂಡು ಕೂರಬೇಡಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಎಫ್2 ಒತ್ತಿ ಬಯಾಸ್‌ಗೆ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ ಎಫ್12 ಬೂಟ್ ಮೆನು ಅನ್ನೋದನ್ನ ಆನ್ ಮಾಡಬೇಕಾಗಬಹುದು. ಕೆಲವು ಲೆನೊವೊಗಳ ಪಕ್ಕದಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಆಫ್ ಆಗಿರುವಾಗ ಅದರೊಳಗೆ ಪಿನ್ ಒತ್ತಿದರೆ ಮೆನು ತಾನೇ ಬರುತ್ತದೆ. ಎಫ್ ಕೀಲಿಗಳಲ್ಲಿ ವಾಲ್ಯೂಮ್, ಬ್ರೈಟ್‌ನೆಸ್ ಇದ್ದು ಏನೂ ಆಗದಿದ್ದರೆ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಿ ನೋಡಿ. ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಂಡರೆ ಹೆಸರಿನ ಜೊತೆ ಯುಇಎಫ್‌ಐ ಅಂತ ಇರುವುದನ್ನು ಆರಿಸಿ.

ಇಲ್ಲಿ ಸೆಕ್ಯೂರಿಟಿ ವಯೊಲೇಶನ್ ಅನ್ನೋ ಥರ ಏನಾದರೂ ಬಂದು ನಿಂತರೆ ಅದು ನಂಬಿಕೆಯಿಲ್ಲದ ಸಿಸ್ಟಮ್ ಶುರುವಾಗದಂತೆ ಕಾಯುವ ಸೆಕ್ಯೂರ್ ಬೂಟ್ ತಡೆದದ್ದು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಳೇ ಲಿನಕ್ಸ್ ಪೆನ್‌ಡ್ರೈವ್‌ಗಳು ಹೀಗೆ ನಿಂತದ್ದುಂಟು. ಹೊಸ ಐಎಸ್‌ಒ ಇಳಿಸಿ ಪೆನ್‌ಡ್ರೈವ್ ಮತ್ತೆ ತಯಾರಿಸುವುದೇ ಒಳ್ಳೆಯದು. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಆಗುತ್ತದೆ, ಆದರೆ ಬಿಟ್‌ಲಾಕರ್ (ಡಿಸ್ಕ್‌ಗೇ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಇರುವ ಲ್ಯಾಪ್‌ಟಾಪ್‌ನಲ್ಲಿ ಆಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿಬಿಡಬಹುದು.

ನಮ್ಮಲ್ಲಿ ಬಿಟ್‌ಲಾಕರ್ ಎಲ್ಲಿದೆ ಅಂತ ಕೇಳಬೇಡಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗಿರುತ್ತದೆ. ಲಿನಕ್ಸ್‌ನಿಂದ ಆ ಡಿಸ್ಕ್ ತೆರೆಯೋಕೆ ಹೋದರೂ ಕೀ ಬೇಕೇ ಬೇಕು. ಮೊಬೈಲ್‌ನಿಂದ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ, ಇವತ್ತೇ ನೋಡಿ ಒಂದು ಡೈರಿಯಲ್ಲಿ ಬರೆದಿಡಿ. ಲ್ಯಾಪ್‌ಟಾಪ್‌ನಲ್ಲೇ ಸೇವ್ ಮಾಡಿಟ್ಟುಕೊಂಡರೆ ಏನು ಉಪಯೋಗ?

ಮಿಂಟ್ ತೆರೆದುಕೊಂಡಾಗ ಪರದೆ ಮೇಲೆ ಇನ್‌ಸ್ಟಾಲ್ ಅನ್ನೋ ಗುರುತು ಇರುತ್ತದೆ. ಅದನ್ನು ಮುಟ್ಟಬೇಡಿ. ಫೈಲ್ ಮ್ಯಾನೇಜರ್ ತೆರೆದರೆ ಎಡಗಡೆ ನಿಮ್ಮ ಡಿಸ್ಕ್ ಕಾಣುತ್ತದೆ, ಅದರಲ್ಲಿ ಯೂಸರ್ಸ್ ಫೋಲ್ಡರ್, ಅದರೊಳಗೆ ನಿಮ್ಮ ಹೆಸರು. ನಮ್ಮ ಹುಡುಗ ಖುಷಿಯಲ್ಲಿ ನೋಟ್ಸ್ ಫೋಲ್ಡರ್ ಎಳೆದು ಮಿಂಟ್‌ನ ಡೆಸ್ಕ್‌ಟಾಪ್ ಮೇಲೆ ಹಾಕಿ "ಬಂತು ಮಾಮಾ!" ಅಂದ. ಬಂದಿರಲಿಲ್ಲ. ಆ ಡೆಸ್ಕ್‌ಟಾಪ್ ಇರೋದು ರ‍್ಯಾಮ್‌ನಲ್ಲಿ, ಲ್ಯಾಪ್‌ಟಾಪ್ ಆಫ್ ಆದರೆ ಅದರ ಜೊತೆ ಹೋಗುತ್ತದೆ. ಇನ್ನೊಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿ ಅದಕ್ಕೇ ಕಾಪಿ ಮಾಡಬೇಕು, ಮುಗಿದ ಮೇಲೆ ಇಜೆಕ್ಟ್ ಒತ್ತಿ ತೆಗೀಬೇಕು.

ಆಮೇಲೆ ಇನ್ನೊಂದು ಗಾಬರಿ. ಒಂದು ಫೈಲ್ ತೆರೆದು ನೋಡಿದರೆ ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಗನ ಮುಖ ಸಪ್ಪಗಾಯಿತು. ಫೈಲ್‌ಗೆ ಏನೂ ಆಗಿರಲಿಲ್ಲ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಅದು, ಆ ಫಾಂಟ್ ಮಿಂಟ್‌ನಲ್ಲಿ ಇಲ್ಲ ಅಷ್ಟೇ. ನುಡಿ ಇರುವ ಕಂಪ್ಯೂಟರ್‌ನಲ್ಲಿ ತೆರೆದಾಗ ಅಕ್ಷರ ಸರಿಯಾಗಿ ಬಂತು.

ಒಳಗಿನ ಡಿಸ್ಕೇ ಕಾಣದಿದ್ದರೆ? ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನ ಸ್ಟೋರೇಜ್ ಸೆಟ್ಟಿಂಗ್ ಆರ್‌ಎಸ್‌ಟಿ ಅಂತ ಇರುವುದರಿಂದ ಹೀಗಾಗುತ್ತದೆ. ಎಎಚ್‌ಸಿಐ ಮಾಡಿ ಕಾಪಿ ಮುಗಿಸಿ, ಮತ್ತೆ ಮೊದಲಿನ ಹಾಗೇ ಮಾಡಿಡಿ, ಇಲ್ಲವಾದರೆ ಚೆನ್ನಾಗಿರುವ ವಿಂಡೋಸ್ ಕೂಡ ಏಳದೇ ಹೋಗಬಹುದು. ಬಯಾಸ್‌ನಲ್ಲೂ ಡಿಸ್ಕ್ ಕಾಣುತ್ತಿಲ್ಲ, ಅಥವಾ ಹಳೇ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ ಅಂದರೆ ಅಲ್ಲಿಗೇ ಬಿಡಿ. ಮೇಲಿಂದ ಮೇಲೆ ಆನ್ ಮಾಡಿದಷ್ಟೂ ಹಾಳಾಗುತ್ತದೆ. ಡೇಟಾ ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ.

ಲ್ಯಾಪ್‌ಟಾಪ್ ಚೆನ್ನಾಗಿದ್ದರೆ ಒಮ್ಮೆ ಅಭ್ಯಾಸಕ್ಕೆ ಮಾಡಿ ನೋಡಿ. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಬರುವ ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅಂತ ಇದ್ದರೆ ಅದರಿಂದ ಪೆನ್‌ಡ್ರೈವ್ ಆರಿಸಬಹುದು, ಎಫ್ ಕೀಲಿಗಳ ತಲೆನೋವೇ ಇಲ್ಲ.

ನಮ್ಮ ಹುಡುಗ ನೋಟ್ಸ್ ತೆಗೆದಿಟ್ಟುಕೊಂಡ ಮೇಲೆ ಅದೇ ಅಂಗಡಿಗೆ ಹೋಗಿ ಆರಾಮಾಗಿ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ. ನನ್ನ ಪೆನ್‌ಡ್ರೈವ್ ಈಗ ಅವನ ಪಕ್ಕದ ರೂಮಿನವರ ಹತ್ತಿರ ಇದೆಯಂತೆ.